ಬರೀ ನೀರು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಮಗನೇ,

ನಿನ್ನ ಫೋನು ಒಂದನ್ನೂ ಎತ್ತಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಬಾಯಿ ತೆರೆದರೆ ಬೈಗುಳವೇ ಬರುತ್ತಿತ್ತು. ಅದಕ್ಕೇ ಈ ಕಾಗದ, ಅದೂ ಇಷ್ಟು ತಡವಾಗಿ. ನಾನು ಚೆನ್ನಾಗಿದ್ದೇನೆ. ನಿನ್ನ ತಂಗಿ ಚೆನ್ನಾಗಿಲ್ಲ.

ನೀನು ಪೊಲೀಸ್ ಗಾಡಿಯ ಮೇಲೆ ನಿಂತು ನೀರು ಹೊಡೆದು ಚದುರಿಸಿದೆಯಲ್ಲ, ಆ ಮೆರವಣಿಗೆಯಲ್ಲಿ ನಮ್ಮ ಗುಬ್ಬಿಯೂ ಇದ್ದಳು. ನೀರಿನ ಹೊಡೆತಕ್ಕೆ ಹಾರಿ ಅಂಗಡಿಯ ಶಟರಿಗೆ ಬಡಿದಳಂತೆ. ಬಿರಿದ ಪಕ್ಕೆಲುಬು ಕೂಡಿಕೊಳ್ಳುತ್ತಿದೆ. ಕಷ್ಟ ಇರುವುದು ಬಲಗಣ್ಣಿನದು. ಕಾಂಟ್ಯಾಕ್ಟ್ ಲೆನ್ಸ್ ಹಾಕಿದ್ದಳು, ಕೊಳಕು ನೀರು ಅದರಡಿ ಸೇರಿಕೊಂಡಿತು. ಮನೆಯಲ್ಲೇ ಕಣ್ಣಿನ ಡಾಕ್ಟರಾದ ತಾಯಿಯನ್ನು ಇಟ್ಟುಕೊಂಡು, ನನ್ನ ಬಾಯಿಗೆ ಹೆದರಿ, ಹಾಸ್ಟೆಲ್ ಪಕ್ಕದ ಯಾವನೋ ಡಾಕ್ಟರ ಬಳಿ ಹೋದಳು! ಆತ ವೈರಸ್ ಎಂದು ಸ್ಟೀರಾಯ್ಡ್ ಹನಿ ಕೊಟ್ಟ. ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು.

ನನ್ನ ಬಳಿ ಬಂದಾಗ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಳು. "ಅಮ್ಮಾ, ಈ ಕಣ್ಣು ಕಿತ್ತು ಬಿಸಾಕು, ಸಾಕು!" ಎಂದು ಕಿರುಚಿದಳು. ಕಾಣುವ ಗಾಯ ಇಷ್ಟೇ ಇಷ್ಟು, ನೋವು ಮಾತ್ರ ಬೆಟ್ಟದಷ್ಟು ಎಂದರೆ ನನಗೆ ಕೊಳಕು ನೀರಿನಲ್ಲಿರುವ ಅಮೀಬಾದ ಮೇಲೇ ಅನುಮಾನ. ಕರಿಗುಡ್ಡೆಯ ಮೇಲೆ ಬಿಳಿ ಉಂಗುರವೂ ಎದ್ದಿತ್ತು. ಮರಗಟ್ಟಿಸುವ ಹನಿ ಸಾಲಲಿಲ್ಲ. ನರ್ಸಮ್ಮ ಕಾಲ ಮೇಲೆ ಕುಳಿತರು, ಆಯಾ ತಲೆ ಅದುಮಿ ಹಿಡಿದಳು, ನಾನು ಪರೀಕ್ಷೆಗೆಂದು ಹೆತ್ತ ಮಗಳ ಕಾರ್ನಿಯಾವನ್ನು ಬ್ಲೇಡಿನಿಂದ ಹೆರೆದೆ. ಹಿಡಿತ ಬಿಟ್ಟ ಕೂಡಲೇ ನನ್ನ ಮುಂಗೈ ಕಚ್ಚಿ ರಕ್ತ ತೆಗೆದಳು. ಅವಳ ಕೈಗಳನ್ನು ಮಂಚಕ್ಕೆ ಕಟ್ಟಿದೆವು.

ಮೈಕ್ರೋಸ್ಕೋಪಿನಲ್ಲಿ ಅದೇ ಇತ್ತು. ಮದ್ದು ಬಿದ್ದರೆ ಈ ದರಿದ್ರ ಜೀವಿ ಎರಡು ಪದರದ ಚಿಪ್ಪು ಕಟ್ಟಿಕೊಂಡು ಒಳಗೇ ಅಡಗುತ್ತದೆ. ಈಜುಕೊಳ ಶುದ್ಧಮಾಡುವ ಮದ್ದನ್ನೇ ತೆಳುವಾಗಿಸಿ ಗಂಟೆಗೊಮ್ಮೆ ಬಿಡುತ್ತಿದ್ದೇವೆ, ತಿಂಗಳುಗಟ್ಟಲೆ ಬಿಡಬೇಕು. ದೃಷ್ಟಿ ಉಳಿದೀತೇ? ಗೊತ್ತಿಲ್ಲ ಕಣೋ. ಈಗ ಆ ಕಣ್ಣಿಗೆ ಬೆಳಕು, ನೆರಳು ಅಷ್ಟೇ ತಿಳಿಯುತ್ತದೆ.

ಕೆಲಸಕ್ಕೆ ಸೇರಿದಾಗ ನೀನು ಹೇಳಿದ್ದೆ: "ಬರೀ ನೀರಮ್ಮಾ, ಗುಂಡೇನಲ್ವಲ್ಲ. ಒದ್ದೆಯಾಗ್ತಾರೆ, ಮನೆಗೆ ಹೋಗ್ತಾರೆ." ನಾನೂ ಅದನ್ನೇ ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ಈಗ ಡಾಕ್ಟರಾಗಿ ಕೇಳುತ್ತೇನೆ: ಆ ಟ್ಯಾಂಕಿಗೆ ನೀರು ತುಂಬಿಸಿದ್ದು ಎಲ್ಲಿಂದ? ಅದನ್ನು ತೊಳೆದು ಎಷ್ಟು ಕಾಲವಾಯಿತು? ಅಲ್ಲಿ ಇನ್ನೂ ಎಷ್ಟೋ ಜನರ ಕಣ್ಣುಗಳಿದ್ದವು. ಮೇಲಿನವರಿಗೆ ಹೆದರದೆ ಬರೆ.

ಹೊತ್ತಿಗೆ ಸರಿಯಾಗಿ ಉಣ್ಣು. ಹೆತ್ತ ಹೊಟ್ಟೆ, ಶಾಪ ಹಾಕಲು ನಾಲಿಗೆ ಏಳುವುದಿಲ್ಲ. ನೂರು ಕಾಲ ಬಾಳು.

ನಿನ್ನ
ಅಮ್ಮ

ತಾ.ಕ.: ನೀರು ನುಗ್ಗಿ ಬಂದರೆ ಯಾರಾದರೂ ಕಣ್ಣು ಮುಚ್ಚುತ್ತಾರೆ. "ನೀನ್ಯಾಕೆ ಮುಚ್ಚಲಿಲ್ಲ?" ಎಂದು ಇವತ್ತು ಹನಿ ಬಿಡುತ್ತಾ ಗದರಿದೆ. "ಮುಖಕ್ಕೆ ಕಟ್ಟಿದ್ದ ಬಟ್ಟೆ ಕಿತ್ತು 'ಅಣ್ಣಾ' ಅಂತ ಕೂಗ್ದೆ ಅಮ್ಮಾ. ಅವನು ನನ್ನ ನೋಡ್ದ. ಪೈಪು ಬೇರೆ ಕಡೆ ತಿರುಗಿಸ್ತಾನೆ ಅಂತ ನಾನೂ ಅವನನ್ನೇ ನೋಡ್ತಾ ನಿಂತೆ" ಎಂದಳು.