ನಮ್ಮ ಮನೆಯ ಪಾಳಿ

ಅವ್ವಾ,

ಈ ಕಾಗದವನ್ನು ಪಕ್ಕದ ಮನೆ ಚಂದ್ರಕ್ಕನಿಂದ ಓದಿಸಿಕೋ. ನಡುವೆ ನಗಬೇಡ ಎಂದು ಅವಳಿಗೆ ಮೊದಲೇ ಹೇಳಿಬಿಡು. ಇದರಲ್ಲಿ ನಗುವ ಸಂಗತಿಯೂ ಇದೆ, ಫೋನಿನಲ್ಲಿ ಹೇಳಲು ನನಗೆ ಧೈರ್ಯ ಸಾಲದ ಸಂಗತಿಯೂ ಇದೆ.

ನನ್ನ ಡಿಗ್ರಿಯ ಮೊದಲ ವರ್ಷ ಕಾಮಾಲೆಯಾಗಿ, ಹಾಸ್ಟೆಲಿನಿಂದ ಬಾಗೂರಿಗೆ ಬಂದು ಮೂರು ವಾರ ಮಲಗಿದ್ದೆನಲ್ಲ. ಹಾಜರಿ ನೂರಕ್ಕೆ ಎಪ್ಪತ್ತೈದು ಇರಬೇಕು, ಒಂದು ವಿಷಯದಲ್ಲೂ ಫೇಲಾಗಬಾರದು, ಇಲ್ಲದಿದ್ದರೆ ಸ್ಕಾಲರ್‌ಶಿಪ್ ನಿಲ್ಲುತ್ತದೆ, ಅದು ನಿಂತರೆ ನನ್ನ ಓದೂ ನಿಂತಂತೆ ಎಂದು ಅತ್ತಿದ್ದೆ. ನೀನು ಕೇಳಿಸಿಕೊಂಡದ್ದು ಹಾಜರಿಯೊಂದನ್ನೇ. ನಮ್ಮ ಕೇರಿಯಲ್ಲಿ ಎಲ್ಲರ ಕುರಿಗಳನ್ನೂ ಸೇರಿಸಿ ದಿನಕ್ಕೊಂದು ಮನೆಯವರು ಮೇಯಿಸುತ್ತಾರೆ. ಪಾಳಿಯ ದಿನ ಆ ಮನೆಯ ಅಜ್ಜಿ ಹೋದರೂ ಸೈ, ಸೊಸೆ ಹೋದರೂ ಸೈ. ಕಾಲೇಜೂ ಹಾಗೆಯೇ ಎಂದು ನೀನು ತಿಳಿದೆ. ಮಾರನೆಯ ಬೆಳಿಗ್ಗೆ ಹೊಸದುರ್ಗದ ಬಸ್ಸು ಹತ್ತಿ, ನನ್ನ ನೋಟ್‌ಬುಕ್ ಹಿಡಿದು, ಬಿಎಸ್ಸಿ ತರಗತಿಯ ಕೊನೆಯ ಬೆಂಚಿನಲ್ಲಿ ಹೋಗಿ ಕುಳಿತೆ.

ನನ್ನ ಹೆಸರು ಕೂಗಿದಾಗ "ಬಂದೀನಿ" ಎಂದೆಯಂತೆ. ಕೆಮಿಸ್ಟ್ರಿ ಪಾಠ ಮಾಡುವ ಮಹಾದೇವಮ್ಮ ಮೇಡಂ ತಬ್ಬಿಬ್ಬಾದರೆ, "ನಮ್ಮ ಹುಡುಗಿಗೆ ಹುಷಾರಿಲ್ರಿ. ಅವಳ ಪಾಳಿ ನಾನು ಮುಗಿಸ್ತೀನಿ, ಸುಮ್ಕೆ ಕುಂತಿರ್ತೀನಿ" ಎಂದೆಯಂತೆ. ಪುಣ್ಯಕ್ಕೆ ಅವರು ನಿನ್ನನ್ನು ಎಬ್ಬಿಸಿ ಕಳಿಸಲಿಲ್ಲ. ನಾಲ್ಕು ದಿನ ಹೋದೆ. ಅಕ್ಷರ ಬಾರದ ನೀನು ಬೋರ್ಡಿನ ಮೇಲಿದ್ದುದನ್ನೆಲ್ಲ ರಂಗೋಲಿ ನೋಡಿ ಬಿಡಿಸುವ ಹಾಗೆ ಬಿಡಿಸಿಕೊಂಡು ಬಂದೆ. ಸಾಲುಸಾಲು ಆರು ಮೂಲೆಯ ಚಿತ್ರ ತೋರಿಸಿ, "ಇದ್ಯಾಕೆ ನಿಮ್ಮ ಮೇಡಮ್ಮು ಬರೀ ಜೇನುಗೂಡೇ ಬರೀತಾರೆ?" ಎಂದು ಕೇಳಿದ್ದೆ.

ಅವ್ವಾ, ಆ ನಾಲ್ಕು ದಿನವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಹಾಜರಿ ಪುಸ್ತಕದಲ್ಲಿ ಇಂದಿಗೂ ನಾನು ಗೈರು. ಡಾಕ್ಟರ ಚೀಟಿ ನೋಡಿ ಕೊರತೆಯನ್ನು ಮನ್ನಾ ಮಾಡಿದರು, ಅಷ್ಟೇ. ನೀನು ಕೇರಿಯಲ್ಲೆಲ್ಲ, "ನಾನು ಪಾಳಿ ಮಾಡಿದ್ದಕ್ಕೇ ಸ್ಕಾಲರ್‌ಶಿಪ್ಪು ಉಳೀತು" ಎನ್ನುವಾಗ ನಾನು ಬಾಯಿ ಬಿಡಲಿಲ್ಲ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಹುಷಾರಾಗಿ ತರಗತಿಗೆ ಹೋದ ದಿನ ಗೆಳತಿ ಆಶಾರಾಣಿ ನಗುತ್ತಾ, "ಯಾರೇ ಅವ್ರು, ನಿಮ್ಮವ್ವನಾ?" ಎಂದು ಕೇಳಿದಳು. "ಅಲ್ಲ, ನಮ್ಮೂರೋರು ಯಾರೋ" ಎಂದುಬಿಟ್ಟೆ. ಆ ಮಾತು ಇಂದಿಗೂ ನನ್ನನ್ನು ಮಲಗಲು ಬಿಡುವುದಿಲ್ಲ.

ಆಮೇಲೆ ಪರೀಕ್ಷೆ ಬಂತು. ಕೆಮಿಸ್ಟ್ರಿಯಲ್ಲಿ ನಿನ್ನ ಜೇನುಗೂಡೇ ಹತ್ತು ಅಂಕದ ಪ್ರಶ್ನೆ. ನೀನು ಬಿಡಿಸಿದ್ದನ್ನೇ ಕಣ್ಣ ಮುಂದೆ ತಂದುಕೊಂಡು ಬರೆದೆ. ಪಾಸಿಗೆ ಬೇಕಾದ್ದಕ್ಕಿಂತ ಬಂದದ್ದು ಮೂರೇ ಅಂಕ ಹೆಚ್ಚು. ಆ ಪ್ರಶ್ನೆ ಬಿಟ್ಟಿದ್ದರೆ ಫೇಲಾಗಿ ಸ್ಕಾಲರ್‌ಶಿಪ್ಪೂ ನಿಲ್ಲುತ್ತಿತ್ತು. ಕೇರಿಯಲ್ಲಿ ನೀನು ಹೇಳಿಕೊಂಡು ತಿರುಗಿದ್ದು ನಿಜವೇ ಆಗಿತ್ತು. ಅದು ಗೊತ್ತಿದ್ದೂ ನಾನು ನಿನಗೆ ಹೇಳಲಿಲ್ಲ.

ಬರುವ ಶನಿವಾರ ನಮ್ಮ ಪದವಿ ದಿನ. ಆಶಾರಾಣಿಗೆ ನಿನ್ನೆ ಎಲ್ಲ ಹೇಳಿದೆ, ಅವಳೂ ನಿನ್ನ ದಾರಿ ಕಾಯುತ್ತಿದ್ದಾಳೆ. ಬಾ ಅವ್ವಾ. ಕೊನೆಯ ಬೆಂಚು ಬೇಡ, ನನ್ನ ಪಕ್ಕ ಕುಳಿತುಕೋ. ಒಬ್ಬೊಬ್ಬರ ಹೆಸರನ್ನೂ ಕೂಗುತ್ತಾರೆ. ನನ್ನ ಹೆಸರು ಬಂದಾಗ ನಾನು ಸುಮ್ಮನಿರುತ್ತೇನೆ. ನೀನೇ ಹೇಳು, ಬಂದೀನಿ ಅಂತ.

ನಿನ್ನ ಕಾಲಿಗೆ ಬೀಳುವುದನ್ನು ಅಲ್ಲೇ, ಎಲ್ಲರೆದುರಿಗೇ ಇಟ್ಟುಕೊಂಡಿದ್ದೇನೆ.

ಪುಟ್ಟಕ್ಕನ ಮಗಳು,
ನಾಗಶ್ರೀ