ಕಲಕುವ ಮ್ಯಾಗ್ನೆಟ್

ಗುರುವಾರ, ೧೩ ನವೆಂಬರ್

ಮಾನ್ಯ ವಿಜ್ಞಾನಿಗಳೇ, ಕಾಂದಿವಲಿ ಲ್ಯಾಬಿನಲ್ಲಿ ಗಾಜು ತೊಳೆಯುವವನ ಮಾತನ್ನೂ ಆಲಿಸಿರಿ. ರಾಧಿಕಾ ಮೇಡಂ ಪಿಎಚ್.ಡಿ.ಗಾಗಿ ಮೂರು ವರ್ಷ ದುಡಿದು ಮಾಡಿದ ವೇಗವರ್ಧಕದ ಪುಡಿ ಬಿದ್ದರೆ ಪರೀಕ್ಷೆಯ ಹಳದಿ ದ್ರಾವಣ ನಾಲ್ಕೇ ನಿಮಿಷಕ್ಕೆ ತಿಳಿಯಾಗುತ್ತದೆ. ಬಣ್ಣ ಹಾರಿತೋ, ಬಿರುದು ಏರಿತು.

ಇಂದು ಯಾರೂ ಇಲ್ಲದಾಗ ಪುಡಿ ಹಾಕದೆ, ದ್ರಾವಣದೊಳಗೆ ತಿರುಗಿ ಕಲಕುವ ಹಳೆಯ ಮ್ಯಾಗ್ನೆಟ್ಟನ್ನಷ್ಟೇ ಬಿಟ್ಟು ನೋಡಿದೆ. ಆಗಲೂ ನಾಲ್ಕೇ ನಿಮಿಷ! ಹೊಸ ಮ್ಯಾಗ್ನೆಟ್ಟಿನಿಂದ ಕಲಕಿ ಪುಡಿ ಹಾಕಿದೆ. ಹಳದಿ ಕದಲಲಿಲ್ಲ. ಕೆಲಸವೆಲ್ಲ ಹಳೆಯ ಮ್ಯಾಗ್ನೆಟ್ಟಿಗೆ ಹಿಂದಿನ ಪ್ರಯೋಗಗಳಿಂದ ಅಂಟಿದ ಪಲ್ಲಾಡಿಯಂ ಲೋಹದ ಕಲೆಯದು.

ಸಂಜೆ ಮೇಡಂ ಬಂದರು. “ಪರಪ್ಪಣ್ಣ, ಮಾರಿ ಯಾಕ ಹಳದಿ ಆಗೇದ? ನಾಳೆ ಪರೀಕ್ಷಕರ ಮುಂದ ನೀವ ಕಲಕ್ರಿ, ನಿಮ್ಮ ಕೈಗುಣ ಛಲೋ ಐತಿ.”

“ಆತ್ರೀ” ಎಂದೆ.

ಭಾಷಣ ಸಾಕು. ಆ ಮ್ಯಾಗ್ನೆಟ್ಟನ್ನು ಮೂರು ವರ್ಷ ಆಸಿಡ್ಡಿನಲ್ಲಿ ತೊಳೆಯದೆ, ತೊಳೆದೆನೆಂದು ಸಹಿ ಹಾಕಿದವನು ನಾನೇ. ನಾಳೆಗೂ ಅದನ್ನೇ ಎತ್ತಿಟ್ಟು ಬಂದಿದ್ದೇನೆ.