ಕಷಾಯದಲ್ಲಿ ಕಲಸಿದ ಮಾತ್ರೆ

ಯಡ್ತರೆ, ೧೧ ಆಗಸ್ಟ್ ೨೦೦೩
ಇವತ್ತೂ ಪಿಯುಸಿಗೆ ಎಂಜೈಮ್ ಪಾಠ ಮಾಡಿದೆ. ಅರ್ಧ ಕ್ಲಾಸು ಆಕಳಿಸಿತು. ಮನೆಗೆ ಬಂದರೆ ತಮ್ಮ ರತೀಶ ಇನ್ನೂ ಚಾಪೆಯ ಮೇಲೆ. ಮಲೇರಿಯಾ ಜ್ವರವೇನೋ ಬಿಟ್ಟಿದೆ. ಮರುಕಳಿಸದ ಹಾಗೆ ಎರಡು ವಾರದ ಮಾತ್ರೆ ಬೇರೆ ಬರೆದಿದ್ದಾರೆ, ನಿನ್ನೆಯಿಂದ ಶುರು. ಹೋದ ವರ್ಷ ಅದನ್ನು ಮುಟ್ಟಲೇ ಇಲ್ಲ, ಮತ್ತೆ ಮಲಗಿದ. ಈ ಸಲ ಬಿಡುವುದಿಲ್ಲ. ಮುಗಿಸಿಯೇ ಮೀನಿನ ಬೋಟಿಗೆ ಹೋಗಲಿ.

೧೩ ಆಗಸ್ಟ್
"ಅಕ್ಕ, ಉಚ್ಚೆ ಕಪ್ಪ್ ಬತ್ತಿತ್ತ್. ಕಾಫಿ ತರ."
"ನೀರ್ ಕುಡಿತಿಲ್ಲೆ ನೀನ್, ಅದ್ಕೆ."
"ಈ ಮಾತ್ರೆ ನಂಗೆ ಬ್ಯಾಡ ಮಾರಾಯ್ತಿ."
ಬರೀ ನೆವ. ಚಿಕ್ಕಂದಿನಿಂದಲೂ ಹೀಗೇ.

೧೪ ಆಗಸ್ಟ್, ರಾತ್ರಿ
ಬಾಯಿ ಬಿಗಿದು ಕೂತ. ಮಾತ್ರೆ ಪುಡಿ ಮಾಡಿ ಶುಂಠಿ ಕಷಾಯಕ್ಕೆ ಹಾಕಿದೆ. ಬೆಲ್ಲ ಜಾಸ್ತಿ. ಪೂರ್ತಿ ಕುಡಿದ. "ಲಾಯ್ಕಿತ್ತ್" ಎಂದ. ಗೆದ್ದೆ ಅನಿಸಿತು.

ಕುಂದಾಪುರ, ೧೭ ಆಗಸ್ಟ್
ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ಬಿದ್ದ. ಕಣ್ಣು ಅರಿಶಿನ. ಆಸ್ಪತ್ರೆಗೆ ತಂದೆವು. ರಕ್ತ ಅರ್ಧಕ್ಕೆ ಇಳಿದಿದೆಯಂತೆ.
"ಮಾತ್ರೆ ಯಾವಾಗ ಬಿಟ್ಟದ್ದು?" ಡಾಕ್ಟರು ಕೇಳಿದರು.
"ಬಿಟ್ಟ್ ನಾಲ್ಕ್ ದಿನ ಆಯ್ತ್ ಸಾರ್" ಎಂದ ರತೀಶ.
ಹಾಗಾದರೆ ಬೇರೆ ಏನೋ ಕಾರಣ ಹುಡುಕಬೇಕು ಎಂದು ಅವರು ಬರೆಯತೊಡಗಿದರು. ಅಮ್ಮ ಹೊರಗೆ ಇದ್ದಳು. ಸುಮ್ಮನಿದ್ದುಬಿಡಬಹುದಿತ್ತು.
"ನಿನ್ನೆವರೆಗೂ ತಗೊಂಡಿದ್ದಾನೆ ಸಾರ್. ಕಷಾಯದಲ್ಲಿ ಹಾಕಿ ಕೊಟ್ಟಿದ್ದೇನೆ. ಅವನಿಗೆ ಗೊತ್ತಿಲ್ಲ."
ರತೀಶ ಗೋಡೆಯ ಕಡೆ ತಿರುಗಿ ಮಲಗಿದ.

೧೮ ಆಗಸ್ಟ್
ಡಾಕ್ಟರು ಬಿಡಿಸಿ ಹೇಳಿದರು. ಕೆಂಪು ರಕ್ತಕಣ ಗ್ಲುಕೋಸನ್ನು ಬಳಸಿಕೊಂಡೇ ತನ್ನನ್ನು ಕಾಯ್ದುಕೊಳ್ಳುತ್ತದೆ. ಆ ಕೆಲಸಕ್ಕೆ ಒಂದು ಎಂಜೈಮ್ ಬೇಕು. ಅದು ಇವನಲ್ಲಿ ಹುಟ್ಟಿನಿಂದಲೇ ಕಡಿಮೆ ಇರಬೇಕು. ಮಾಮೂಲಿ ದಿನಗಳಲ್ಲಿ ಏನೂ ತಿಳಿಯುವುದಿಲ್ಲ. ಈ ಮಾತ್ರೆ ಒಳಗೆ ಹೋದರೆ ಕಣಗಳು ಒಡೆಯುತ್ತವೆ. ಉಚ್ಚೆಯಲ್ಲಿ ಹೋದದ್ದು ಅವನ ರಕ್ತವೇ.
ಅವನು ಹೇಳಿದ್ದ. ಪಾಠ ಮಾಡುವವಳು ನಾನು, ಕೇಳಲಿಲ್ಲ.
ಬೋಟಿನ ಗಣಪ ಬಂದು ಒಂದು ಬಾಟಲಿ ರಕ್ತ ಕೊಟ್ಟ. "ಅಕ್ಕ, ಹೆದರ್ಬೇಡಿ" ಎಂದ. ತಾನು ಯಾರಿಗೆ ಹೇಳುತ್ತಿದ್ದೇನೆಂದು ಅವನಿಗೆ ಗೊತ್ತಿಲ್ಲ.

೨೨ ಆಗಸ್ಟ್
ಉಚ್ಚೆ ತಿಳಿಯಾಗಿದೆ. ಗಂಜಿ ಸೇರುತ್ತಿದೆ. ನನ್ನ ಜೊತೆ ಮಾತಿಲ್ಲ. ನಾನು ಕೊಟ್ಟ ನೀರನ್ನು ಬೆಳಕಿಗೆ ಹಿಡಿದು ನೋಡಿದ. ಕೆಳಗಿಟ್ಟ. ಅಮ್ಮ ಕೊಟ್ಟದ್ದನ್ನು ಕುಡಿದ.

ಯಡ್ತರೆ, ೨೬ ಆಗಸ್ಟ್
ಮನೆಗೆ ಬಂದೆವು. ಈ ಎಂಜೈಮ್ ಕೊರತೆ ತಾಯಿಯಿಂದ ಗಂಡುಮಕ್ಕಳಿಗೆ ಬರುವಂಥದ್ದು ಎಂದು ಡಾಕ್ಟರು ಹೇಳಿದ್ದು ಅಮ್ಮನ ಕಿವಿಗೆ ಬಿದ್ದಿದೆ. ಊಟಕ್ಕೆ ಕೂತಾಗ ಅತ್ತಳು.
"ನನ್ನಿಂದ್ಲೇ ಆದ್ದಾ ಮಗಾ ಇದ್?"
"ನಿನ್ನಿಂದ ಅಲ್ಲ ಅಮ್ಮ. ಮಾತ್ರೆ ನಾನೇ ತಿಂದದ್" ಎಂದ ರತೀಶ. ನನ್ನ ಕಡೆ ನೋಡಲಿಲ್ಲ.
"ಮೈಗೆ ಆತಿಲ್ಲೆ ಅಂಬುದ್ ಗೊತ್ತಿದ್ದೂ ಎಂತಕ್ಕೆ ತಿಂದೆ?" ಅಮ್ಮನ ಅಳು ಸಿಟ್ಟಿಗೆ ತಿರುಗಿತು. ಸುಮಾರು ಬೈದಳು. ಅವನು ತಲೆ ತಗ್ಗಿಸಿ ಉಣ್ಣುತ್ತಿದ್ದ. ನಾನು ಅನ್ನ ಕಲಸುತ್ತಲೇ ಇದ್ದೆ. ಡಾಕ್ಟರ ಎದುರು ಬಾಯಿ ಬಂತು, ಅಮ್ಮನ ಎದುರು ಇಲ್ಲ.
ಅವನು ಮಲಗಿದ್ದಾನೆ. ಅಮ್ಮ ಪಾತ್ರೆ ತೊಳೆದು ಬಂದಳು, ಇಲ್ಲೇ ಬಾಗಿಲಲ್ಲಿ ನಿಂತಿದ್ದಾಳೆ.
"ಚೇತನಾ, ಎಂತ ಬರೆಯೂದ್ ಅದ್?"
ಇಲ್ಲ, ಕಷಾಯದ ವಿಷಯ ಈಗಲೇ ಹೇಳಿಬಿಡುತ್ತೇನೆ, ಅಮ್ಮನಿಗೆ—